ಎಂವಿಪಿ ಬಿಡಿ, ಥರ್ಡ್ ಟೀಮ್ ಸಿಕ್ತಾ ಅದು ಹೇಳಿ

ಶನಿವಾರ ಬೆಳಗ್ಗೆ ಆಟ ಮುಗಿಸಿ ಕೋರ್ಟ್ ಪಕ್ಕದ ಕಟ್ಟೆ ಮೇಲೆ ಕೂತು ಇಡ್ಲಿ ತಿಂತಾ ಇದ್ವಿ, ಆಗ ನಮ್ಮ ಗುಂಪಲ್ಲೇ ಚಿಕ್ಕೋನು, ಸೆಕೆಂಡ್ ಪಿಯು ಓದೋ ಹುಡುಗ ಒಂದು ಪ್ರಶ್ನೆ ಕೇಳ್ದ. ಅಣ್ಣ, ಎಂವಿಪಿ (ವರ್ಷದ ಬೆಸ್ಟ್ ಪ್ಲೇಯರ್) ನಂಗೆ ಜನ್ಮದಲ್ಲಿ ಸಿಗಲ್ಲ ಅಂತ ಗೊತ್ತಿರೋ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಪ್ಲೇಯರ್‌ಗೆ ಮಿಕ್ಕಿದ್ರಲ್ಲಿ ಯಾವ ಅವಾರ್ಡ್ ಬಂದ್ರೆ ಲೈಫ್ ಸೆಟ್ಲು ಅಂತ. ಒಬ್ಬ ಫೈನಲ್ಸ್ ಎಂವಿಪಿ ಅಂದ, ಇನ್ನೊಬ್ಬ ಆಲ್-ಸ್ಟಾರ್ (ಸೀಸನ್ ಮಧ್ಯದ ಸ್ಟಾರ್‌ಗಳ ಪಂದ್ಯಕ್ಕೆ ಆಯ್ಕೆ) ಅಂದ, ನಾನು ಆಲ್-ಎನ್‌ಬಿಎ ಥರ್ಡ್ ಟೀಮ್ ಅಂದೆ, ವರ್ಷದ ಬೆಸ್ಟ್ 15 ಜನನ್ನ ಐದೈದರ ಮೂರು ಟೀಮ್ ಮಾಡಿ ಆರಿಸ್ತಾರಲ್ಲ, ಅದ್ರಲ್ಲಿ ಕೊನೇದು. ಎಲ್ರೂ ತಿರುಗಿ ನನ್ ಮುಖ ನೋಡಿದ್ರು. ಥರ್ಡ್ ಟೀಮ್ ಅಂದ್ರೆ ಲೀಗಲ್ಲಿ 11ರಿಂದ 15ನೇ ಜಾಗ, ಅದನ್ನ ಯಾರು ನೆನಪಿಟ್ಕೋತಾರೆ ಅಂತ. ಸರಿ, ಯಾರೂ ನೆನಪಿಟ್ಕೊಳ್ಳಲ್ಲ, ಒಪ್ತೀನಿ. ಆದ್ರೂ ನಾನು ಹೇಳಿದ್ದೇ ಸರಿ, ಅವತ್ತು ಇಡ್ಲಿ ತಣ್ಣಗಾಗತ್ತೆ ಅಂತ ಪೂರ್ತಿ ಹೇಳಕ್ಕಾಗ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಮೊದಲು ದುಡ್ಡಿನ ಲೆಕ್ಕ, ಇದು ಗೊತ್ತಿಲ್ದೆ ಮುಂದಿನದ್ಯಾವ್ದೂ ಅರ್ಥ ಆಗಲ್ಲ. ಎನ್‌ಬಿಎನಲ್ಲಿ ಒಬ್ಬ ಪ್ಲೇಯರ್‌ಗೆ ಎಷ್ಟು ಬೇಕೋ ಅಷ್ಟು ಕೊಡೋಕಾಗಲ್ಲ, ಮ್ಯಾಕ್ಸಿಮಮ್ ಅಂತ ಒಂದಿದೆ. ಆರು ವರ್ಷದ ತನಕ ಆಡಿರೋನಿಗೆ ಸ್ಯಾಲರಿ ಕ್ಯಾಪ್‌ನ (ಒಂದು ಟೀಮಿನ ಒಟ್ಟು ಸಂಬಳಕ್ಕೆ ಲೀಗ್ ಹಾಕೋ ಮಿತಿ) 25 ಪರ್ಸೆಂಟು, ಏಳರಿಂದ ಒಂಬತ್ತು ವರ್ಷ ಆದೋನಿಗೆ 30, ಹತ್ತು ದಾಟಿದೋನಿಗೆ 35. ಈ ಮೆಟ್ಟಿಲನ್ನ ಟೈಮ್‌ಗಿಂತ ಮುಂಚೆ ಹತ್ತಬೇಕು ಅಂದ್ರೆ ಮೂರೇ ಬೀಗದ ಕೈ. ಎಂವಿಪಿ, ಡಿಫೆನ್ಸಿವ್ ಪ್ಲೇಯರ್ ಆಫ್ ದ ಇಯರ್, ಆಮೇಲೆ ಆಲ್-ಎನ್‌ಬಿಎ. ಅದೂ ಹೋದ ಸೀಸನ್‌ನಲ್ಲೇ ಬಂದಿರ್ಬೇಕು, ಇಲ್ಲಾ ಹಿಂದಿನ ಮೂರು ಸೀಸನ್‌ನಲ್ಲಿ ಎರಡು ಸಲ ಬಂದಿರ್ಬೇಕು, ಎಂವಿಪಿ ಆದ್ರೆ ಮೂರರಲ್ಲಿ ಒಂದು ಸಲ ಸಾಕು. ಆಲ್-ಸ್ಟಾರ್ ಈ ಪಟ್ಟಿಯಲ್ಲಿ ಇಲ್ವೇ ಇಲ್ಲ (ಲೀಗಿಗೂ ಪ್ಲೇಯರ್‌ಗಳಿಗೂ ಆದ 2011ರ ಒಪ್ಪಂದದಲ್ಲಿ ಎಳೆ ಹುಡುಗ್ರಿಗೆ ಎರಡು ಸಲ ಆಲ್-ಸ್ಟಾರ್ ಸ್ಟಾರ್ಟರ್ ಆದ್ರೂ ನಡೀತಿತ್ತು, 2017ರಲ್ಲಿ ಅದನ್ನ ತೆಗೆದು ಹಾಕಿದ್ರು). ಫೈನಲ್ಸ್ ಎಂವಿಪಿ ಕೂಡ ಇಲ್ಲ! ಸಿಕ್ಸ್ತ್ ಮ್ಯಾನ್ (ಬೆಂಚಿಂದ ಬಂದು ಆಡೋರಲ್ಲಿ ಬೆಸ್ಟ್), ಮೋಸ್ಟ್ ಇಂಪ್ರೂವ್ಡ್ (ಹಿಂದಿಗಿಂತ ತುಂಬಾ ಸುಧಾರಿಸಿದೋನು), ರೂಕಿ ಆಫ್ ದ ಇಯರ್ (ಹೊಸಬರಲ್ಲಿ ಬೆಸ್ಟ್) ಯಾವ್ದೂ ಇಲ್ಲ. ಫಸ್ಟ್ ಟೀಮ್‌ಗೆ ಬಂದ ಯೊಕಿಚ್‌ನಂಥ ದೊಡ್ಡ ಸ್ಟಾರ್‌ಗೂ ಥರ್ಡ್ ಟೀಮ್‌ನ ಕೊನೇ ಜಾಗಕ್ಕೆ ತೂರ್ಕೊಂಡು ಬಂದೋನಿಗೂ ಈ ಬಾಗಿಲಲ್ಲಿ ಒಂದೇ ಬೆಲೆ, ಅದೇ ಥರ್ಡ್ ಟೀಮ್‌ನ ಮಹಿಮೆ. 15ನೇ ಜಾಗಕ್ಕೂ 16ನೇ ಜಾಗಕ್ಕೂ ನಡುವೆ ಎಷ್ಟು ದೊಡ್ಡ ಹಳ್ಳ ಇದೆ ಅಂತ ಗೊತ್ತಾಗಬೇಕಂದ್ರೆ ಅದ್ರೊಳಗೆ ಬಿದ್ದೋರನ್ನ ನೋಡ್ಬೇಕು.

ಜೇಸನ್ ಟೇಟಮ್ 2020-21ರಲ್ಲಿ ಪಂದ್ಯಕ್ಕೆ 26ಕ್ಕಿಂತ ಜಾಸ್ತಿ ಪಾಯಿಂಟ್ ಹೊಡೆದ, ಏಪ್ರಿಲ್ ಕೊನೇಲಿ ಸ್ಯಾನ್ ಆಂಟೋನಿಯೋ ಮೇಲೆ ಒಂದೇ ಮ್ಯಾಚಲ್ಲಿ 60 ಹೊಡೆದ. ಆದ್ರೆ ಮೂರು ಟೀಮಲ್ಲೂ ಅವನ ಹೆಸರಿಲ್ಲ. ಅವನ ಎಕ್ಸ್‌ಟೆನ್ಷನ್ (ಇರೋ ಟೀಮಲ್ಲೇ ಕಾಂಟ್ರಾಕ್ಟ್ ಮುಂದುವರಿಸೋದು) ಐದು ವರ್ಷಕ್ಕೆ 195 ಮಿಲಿಯನ್ ಡಾಲರ್ ಆಗೋದಿತ್ತು, 163ಕ್ಕೆ ನಿಂತೋಯ್ತು. ಮೂವತ್ತೆರಡು ಮಿಲಿಯನ್! ಇದನ್ನ ಯಾವ ಮಾಲೀಕನೂ ಕಿತ್ಕೊಂಡಿಲ್ಲ, ಯಾವ ಕೋಚೂ ಕಿತ್ಕೊಂಡಿಲ್ಲ, ಸುಮಾರು 100 ಜನ ಪತ್ರಕರ್ತರು, ಟಿವಿಯೋರು ಹಾಕಿದ ವೋಟಲ್ಲಿ ಹೋಯ್ತು. ಆಮೇಲೆ ಟೇಟಮ್ ಸಾಲಾಗಿ ನಾಲ್ಕು ವರ್ಷ ಫಸ್ಟ್ ಟೀಮ್‌ಗೆ ಬಂದ, 2024ರಲ್ಲಿ 314 ಮಿಲಿಯನ್ ಸೂಪರ್‌ಮ್ಯಾಕ್ಸ್ (ಟೈಮ್‌ಗಿಂತ ಮುಂಚೆ ಸಿಗೋ 35 ಪರ್ಸೆಂಟಿನ ಕಾಂಟ್ರಾಕ್ಟು) ಸೈನ್ ಮಾಡ್ದ, ಅವನಿಗೇನೂ ಕೊರತೆ ಆಗ್ಲಿಲ್ಲ ಬಿಡಿ. ಆದ್ರೆ ಎಲ್ರಿಗೂ ಹಂಗೆ ಎರಡನೇ ಚಾನ್ಸ್ ಬರಲ್ಲ.

ಕ್ಲೇ ಥಾಂಪ್ಸನ್ ವಿಡಿಯೋ ನೋಡಿದೀರಾ? 2019ರ ಮೇ, ವಾರಿಯರ್ಸ್ ಸತತ ಐದನೇ ಫೈನಲ್ಸ್‌ಗೆ ರೆಡಿ ಆಗ್ತಿದ್ರು. ರಿಪೋರ್ಟರ್‌ಗಳ ಮುಂದೆ ನಿಂತಿದ್ದಾಗ್ಲೇ ಅವನಿಗೆ ಗೊತ್ತಾಗೋದು, ಆಲ್-ಎನ್‌ಬಿಎ ಬಂದಿಲ್ಲ ನಿಂಗೆ ಅಂತ. ಕಣ್ಣು ಮೇಲೆ ತಿರುಗಿಸ್ತಾನೆ ಒಂದು ಕ್ಷಣ, ಅಷ್ಟೇ, ಆಮೇಲೆ ಏನೂ ಆಗ್ದೋನ ಥರ ಮಾತಾಡ್ತಾನೆ, ಅವನ ಸ್ವಭಾವವೇ ಹಂಗೆ. ನಾನು ಆ ಕ್ಲಿಪ್ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಯಾಕಂದ್ರೆ ಆ ಒಂದು ಕ್ಷಣದ ಬೆಲೆ ಐದು ವರ್ಷಕ್ಕೆ 221 ಮತ್ತು 190 ಮಿಲಿಯನ್ ನಡುವಿನ ವ್ಯತ್ಯಾಸ. ಮೂರು ವಾರ ಆದ್ಮೇಲೆ ಫೈನಲ್ಸ್ ಆರನೇ ಪಂದ್ಯದಲ್ಲಿ 30 ಪಾಯಿಂಟ್ ಹೊಡೆದು, ಮಂಡಿ ಲಿಗಮೆಂಟ್ ಹರ್ಕೊಂಡು, ಒಳಗೆ ಹೋಗ್ತಿದ್ದೋನು ವಾಪಸ್ ಬಂದು ಅದೇ ಕಾಲಲ್ಲಿ ನಿಂತು ಎರಡೂ ಫ್ರೀ ಥ್ರೋ ಹಾಕ್ದ. ವಾರಿಯರ್ಸ್ ಅವನಿಗೆ 190 ಪೂರ್ತಿ ಕೊಟ್ರು, ಅದಕ್ಕೆ ಅವರನ್ನ ಮೆಚ್ಚಬೇಕು. ಆದ್ರೆ ಆ 31 ಮಿಲಿಯನ್ ಕೊಡೋಣ ಅಂದ್ರೂ ಅವರಿಗೆ ರೂಲ್ ಬಿಡ್ತಿರ್ಲಿಲ್ಲ.

ಅದೇ ವರ್ಷ ಥರ್ಡ್ ಟೀಮ್‌ಗೆ ಕೆಂಬಾ ವಾಕರ್ ಬಂದಿದ್ದ. 221 ಮಿಲಿಯನ್‌ಗೆ ಅರ್ಹ ಆದ. ಈಗ ಶಾರ್ಲೆಟ್‌ನೋರು ಪೇಚಿಗೆ ಬಿದ್ರು, ಚಿಕ್ಕ ಊರು, ಅಷ್ಟು ದುಡ್ಡು ಒಬ್ಬನ ಮೇಲೆ ಹಾಕೋದಾ ಅಂತ. ಹಾಕ್ಲಿಲ್ಲ. ಕೆಂಬಾ ಎಂಟು ವರ್ಷ ಆಡಿದ ಊರು ಬಿಟ್ಟು ಬೋಸ್ಟನ್‌ಗೆ 141 ಮಿಲಿಯನ್‌ಗೆ ಹೋದ. ಅಂದ್ರೆ ಅವಾರ್ಡ್ ಬಂದಿದ್ದಕ್ಕೇ ಒಬ್ಬ ಮನೆ ಬಿಡೋ ಹಂಗಾಯ್ತು. ಅವಾರ್ಡ್ ಬಾಗಿಲು ತೆಗೆಯತ್ತೆ, ಒಳಗೆ ಕರ್ಕೊಳ್ಳೋದು ಮನೆಯೋರಿಗೆ ಬಿಟ್ಟಿದ್ದು.

ಲೂಕಾ ಡಾನ್ಚಿಚ್‌ದು ಇನ್ನೂ ಕೆಟ್ಟದು. 2020ರಿಂದ 2024ರ ತನಕ ಐದು ವರ್ಷವೂ ಫಸ್ಟ್ ಟೀಮ್, ಸೂಪರ್‌ಮ್ಯಾಕ್ಸ್‌ಗೆ ಬೇಕಾದ್ದೆಲ್ಲ ಕೈಯಲ್ಲಿತ್ತು, ಸುಮಾರು 345 ಮಿಲಿಯನ್‌ದು. ಆದ್ರೆ ಆ ದುಡ್ಡನ್ನ ಕೊಡಕ್ಕಾಗೋದು ಡ್ರಾಫ್ಟ್ (ಹೊಸ ಹುಡುಗ್ರನ್ನ ಟೀಮ್‌ಗಳು ಸರದಿ ಪ್ರಕಾರ ಆರಿಸೋದು) ಮಾಡಿದ ಟೀಮಿಗೆ, ಇಲ್ಲಾಂದ್ರೆ ರೂಕಿ ಕಾಂಟ್ರಾಕ್ಟ್, ಅಂದ್ರೆ ಮೊದಲ ಕಾಂಟ್ರಾಕ್ಟ್ ಇರುವಾಗ್ಲೇ ಟ್ರೇಡ್‌ನಲ್ಲಿ ತಗೊಂಡ ಟೀಮಿಗೆ ಮಾತ್ರ. 2025ರ ಫೆಬ್ರವರಿಯಲ್ಲಿ ಡಲ್ಲಾಸ್‌ನೋರು ರಾತ್ರೋರಾತ್ರಿ ಲೇಕರ್ಸ್‌ಗೆ ಕಳಿಸಿದ್ರಲ್ಲ, ಅವತ್ತೇ ಆ ಐದು ಫಸ್ಟ್ ಟೀಮ್ ದುಡ್ಡಿನ ಲೆಕ್ಕಕ್ಕೆ ಸೊನ್ನೆ ಆಗೋಯ್ತು. ನಮ್ ಕಡೆ ಭಾನುವಾರ ಬೆಳಗ್ಗೆ ಎದ್ದು ಫೋನ್ ನೋಡಿ ಯಾರೋ ಫೇಕ್ ಅಕೌಂಟ್ ಅನ್ಕೊಂಡಿದ್ದೆ.

ಡಿಫೆನ್ಸಿವ್ ಪ್ಲೇಯರ್ ಆಫ್ ದ ಇಯರ್ ಬಗ್ಗೆ ನಂಗೆ ಸ್ವಲ್ಪ ಪಕ್ಷಪಾತ ಇದೆ, ಹೇಳ್ಬಿಡ್ತೀನಿ. ನಾನು ಕಾಲೇಜಲ್ಲಿ ಆಡ್ತಿದ್ದಾಗ ಶೂಟಿಂಗ್ ಚೆನ್ನಾಗಿರೋ ಹುಡುಗ್ರು ಬೇರೆ ಇದ್ರು, ನನ್ ಕೆಲಸ ಎದುರು ಟೀಮಿನ ದೊಡ್ಡ ಸ್ಕೋರರ್‌ನ ಹಿಂದೆ ನೆರಳಿನ ಹಂಗೆ ಸುತ್ತೋದು. ಒಂದು ಇಂಟರ್ ಕಾಲೇಜ್ ಟೂರ್ನಮೆಂಟಲ್ಲಿ ಬೆಸ್ಟ್ ಡಿಫೆಂಡರ್ ಅಂತ ಒಂದು ಚಿಕ್ಕ ಕಪ್ ಕೊಟ್ರು, ಅದ್ರ ಮೇಲಿನ ಚಿನ್ನದ ಬಣ್ಣ ಎದ್ದು ಹೋಗಿ ಕೆಳಗಿನ ಬೂದು ಪ್ಲಾಸ್ಟಿಕ್ ಕಾಣ್ಸತ್ತೆ ಈಗ. ಅಮ್ಮ ಅದನ್ನ ದೇವರ ಮನೆ ಪಕ್ಕದ ಗೂಡಲ್ಲಿ ಇಟ್ಟಿದಾರೆ, ಪ್ರತಿ ಹಬ್ಬಕ್ಕೂ ಒರೆಸಿ ಇಡ್ತಾರೆ. ಬಾಸ್ಕೆಟ್ ಹಾಕ್ದೋನನ್ನ ಎಲ್ರೂ ನೋಡ್ತಾರೆ, ಹಾಕಕ್ಕೆ ಬಿಡ್ದೋನನ್ನ ಯಾರಾದ್ರೂ ಕೂತು ಗಮನ ಕೊಟ್ಟು ನೋಡ್ಬೇಕು, ಆ ಕಪ್ ಕೊಟ್ಟೋರು ಹಂಗೆ ನೋಡಿದ್ರು ಅನ್ನೋದೇ ನಂಗೆ ಇವತ್ತಿಗೂ ಖುಷಿ.

ಆ ಕಣ್ಣಿಂದ ನೋಡಿದ್ರೆ ಬೆನ್ ವ್ಯಾಲೇಸ್ ನನ್ ಪಾಲಿಗೆ ದೊಡ್ಡ ಮನುಷ್ಯ. ಡ್ರಾಫ್ಟಲ್ಲಿ ಒಂದು ಟೀಮೂ ಕರೀಲಿಲ್ಲ. ಇಡೀ ಕರಿಯರ್‌ನಲ್ಲಿ ಪಂದ್ಯಕ್ಕೆ ಸರಾಸರಿ 5.7 ಪಾಯಿಂಟು, ನೀವು ಸರಿಯಾಗೇ ಓದಿದ್ರಿ. ಆದ್ರೆ 2002, 2003, 2005, 2006, ನಾಲ್ಕು ಸಲ ಡಿಫೆನ್ಸಿವ್ ಪ್ಲೇಯರ್ ಆಫ್ ದ ಇಯರ್. 2004ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ಶಾಕ್, ಕೋಬಿ ಇದ್ದ ಲೇಕರ್ಸ್‌ನ 4-1ರಲ್ಲಿ ಮಣ್ಣು ಮುಕ್ಕಿಸಿದಾಗ ಗೋಡೆ ಥರ ನಿಂತಿದ್ದು ಅವನೇ. 2021ರಲ್ಲಿ ಹಾಲ್ ಆಫ್ ಫೇಮ್‌ಗೆ ಹೋದ. ಆ ನಾಲ್ಕು ಅವಾರ್ಡ್ ಇಲ್ದೆ 5.7 ಪಾಯಿಂಟ್‌ನೋನನ್ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿರೋ ಆ ಹಾಲ್ ಆಫ್ ಫೇಮ್ ಬಾಗಿಲ ಹತ್ರಕ್ಕಾದ್ರೂ ಬಿಡ್ತಿದ್ರಾ? ನಂಗಂತೂ ನಂಬಿಕೆ ಇಲ್ಲ. ಡಿಫೆನ್ಸ್‌ಗೆ ನೆಟ್ಟಗೆ ಒಂದು ಅಂಕಿ ಅಂಶ ಇಲ್ಲ, ಬ್ಲಾಕು ಸ್ಟೀಲು ಅರ್ಧ ಕತೆ ಕೂಡ ಹೇಳಲ್ಲ, ಅದಕ್ಕೇ ಆ ಅವಾರ್ಡೇ ಅವನ ಅಂಕಿ ಅಂಶ.

ಈಗ ದುಡ್ಡಿಗೂ ಅದೇ ದಾರಿ. ಕ್ಲೀವ್‌ಲ್ಯಾಂಡ್‌ನ ಎವಾನ್ ಮೋಬ್ಲಿ 2024ರ ಬೇಸಿಗೇಲಿ ಎಕ್ಸ್‌ಟೆನ್ಷನ್ ಸೈನ್ ಮಾಡ್ದಾಗ ಅವಾರ್ಡ್ ಬಂದ್ರೆ 30 ಪರ್ಸೆಂಟು ಇಲ್ಲಾಂದ್ರೆ 25 ಅಂತ ಬರ್ಸಿದ್ರು. ಆ ಸೀಸನ್‌ನಲ್ಲಿ ಡಿಫೆನ್ಸ್ ಅವಾರ್ಡ್‌ಗೆ ಸ್ಯಾನ್ ಆಂಟೋನಿಯೋದ ವೆಂಬನ್ಯಾಮ ಎಲ್ರಿಗಿಂತ ಮುಂದಿದ್ದ, ಆದ್ರೆ ಫೆಬ್ರವರಿಯಲ್ಲಿ ಅವನ ಭುಜದಲ್ಲಿ ರಕ್ತ ಹೆಪ್ಪುಗಟ್ಟಿರೋದು ಗೊತ್ತಾಗಿ 46 ಪಂದ್ಯಕ್ಕೇ ಸೀಸನ್ ಮುಗೀತು, 65 ಪಂದ್ಯದ ರೂಲ್ (ಸೀಸನ್‌ನಲ್ಲಿ ಅಷ್ಟಾದ್ರೂ ಆಡಿರ್ಬೇಕು ಅನ್ನೋದು) ಇರೋದ್ರಿಂದ ಲಿಸ್ಟಿಂದಲೇ ಔಟು. ಏಪ್ರಿಲ್ 2025ರಲ್ಲಿ ಅವಾರ್ಡ್ ಮೋಬ್ಲಿಗೆ ಬಂತು, 224 ಮಿಲಿಯನ್ ಇದ್ದಿದ್ದು 269 ಆಯ್ತು. ನಲವತ್ತೈದು ಮಿಲಿಯನ್ ಅಂದ್ರೆ ಆಗಿನ ರೇಟಲ್ಲಿ ನಮ್ ರೂಪಾಯಲ್ಲಿ ಹೆಚ್ಚುಕಮ್ಮಿ 380 ಕೋಟಿ. ನ್ಯಾಯವಾಗಿ ಹೇಳ್ಬೇಕಂದ್ರೆ ಮುಂದಿನ ತಿಂಗಳು ಅವನು ಆಲ್-ಎನ್‌ಬಿಎ ಸೆಕೆಂಡ್ ಟೀಮ್‌ಗೂ ಬಂದ, ಹಂಗಾಗಿ ಈ ದಾರಿ ಇಲ್ದಿದ್ರೂ ಆ ದಾರಿಲಿ ದುಡ್ಡು ಬರ್ತಿತ್ತು. ಅದಕ್ಕೇ ನಾನು ಆಲ್-ಎನ್‌ಬಿಎಗೆ ಮೊದಲ ಜಾಗ ಕೊಡೋದು, ವರ್ಷಕ್ಕೆ 15 ಸೀಟು ಇದೆ ಅಲ್ಲಿ, ಡಿಫೆನ್ಸ್‌ದು ಒಂದೇ ಸೀಟು. ಅದೂ ಟೈಮಿಂಗ್ ಸರಿ ಇರ್ಬೇಕು. ಮಾರ್ಕಸ್ ಸ್ಮಾರ್ಟ್ 2022ರಲ್ಲಿ ಗೆದ್ದ, ಆದ್ರೆ ಅವನ ಕಾಂಟ್ರಾಕ್ಟ್ ಹಿಂದಿನ ವರ್ಷವೇ ಸೈನ್ ಆಗಿತ್ತು, 2023ರಲ್ಲಿ ಮೆಂಫಿಸ್‌ಗೆ ಟ್ರೇಡ್ ಆಗೋದ. ಟ್ರೋಫಿ ಯಾವ ವರ್ಷ ಬಂತು ಅನ್ನೋದು ಬಂತಾ ಇಲ್ವಾ ಅನ್ನೋವಷ್ಟೇ ಮುಖ್ಯ.

ಫೈನಲ್ಸ್ ಎಂವಿಪಿ ಅಂದ ಗೆಳೆಯನಿಗೆ ನಾನು ಪೂರ್ತಿ ಇಲ್ಲ ಅನ್ನಲ್ಲ. ದುಡ್ಡಿಗೆ ಅಲ್ಲ ಅದು, ಹೆಸರಿಗೆ. ಚಾನ್ಸಿ ಬಿಲಪ್ಸ್‌ನ ತಗೊಳ್ಳಿ, 1997ರಲ್ಲಿ ಮೂರನೇ ಪಿಕ್, ಮೊದಲ ಸೀಸನ್ ಮುಗಿಯೋದ್ರೊಳಗೆ ಬೋಸ್ಟನ್ ಅವನನ್ನ ಸಾಗಹಾಕ್ತು, ಊರೂರು ಅಲೆದು ಡೆಟ್ರಾಯಿಟ್‌ಗೆ ಬಂದು, 2004ರಲ್ಲಿ ಫೈನಲ್ಸ್ ಎಂವಿಪಿ, 2024ರಲ್ಲಿ ಹಾಲ್ ಆಫ್ ಫೇಮ್. ಸ್ಟೆಫ್ ಕರಿಗೆ ಮೂರು ಚಾಂಪಿಯನ್‌ಶಿಪ್ ಎರಡು ಎಂವಿಪಿ ಇದ್ರೂ ಜನ ಫೈನಲ್ಸ್ ಎಂವಿಪಿ ಎಲ್ಲಿ ಫೈನಲ್ಸ್ ಎಂವಿಪಿ ಎಲ್ಲಿ ಅಂತ ವರ್ಷಗಟ್ಟಲೆ ಕುಟುಕ್ತಾನೇ ಇದ್ರು, 2022ರಲ್ಲಿ ಬಂದಾಗ್ಲೇ ಬಾಯಿ ಮುಚ್ಚಿದ್ದು. ಆದ್ರೆ ಒಂದು ಮಾತು. ಫೈನಲ್ಸ್ ತನಕ ಹೋಗೋದೇ ಎರಡು ಟೀಮು, ಆ ಅದೃಷ್ಟ ನಮ್ ಕೈಲಿಲ್ಲ. ಬಿಲ್ ರಸೆಲ್ 11 ಚಾಂಪಿಯನ್‌ಶಿಪ್ ಗೆದ್ದೋನು, ಈಗ ಆ ಅವಾರ್ಡ್‌ಗೆ ಅವನದ್ದೇ ಹೆಸರು, ಆದ್ರೆ ಅವನಿಗೇ ಅದು ಒಂದು ಸಲವೂ ಬಂದಿಲ್ಲ, ಯಾಕಂದ್ರೆ ಶುರು ಆಗಿದ್ದೇ ಅವನ ಕೊನೇ ವರ್ಷ 1969ರಲ್ಲಿ, ಅವತ್ತು ಸೋತ ಟೀಮಿನ ಜೆರ್ರಿ ವೆಸ್ಟ್‌ಗೆ ಕೊಟ್ರು.

ರೂಕಿ ಆಫ್ ದ ಇಯರ್ ನನ್ ಪ್ರಕಾರ ಎಲ್ಲಕ್ಕಿಂತ ಕೆಳಗೆ. ಮೊದಲ ರೌಂಡ್‌ನೋರ ಸಂಬಳ ಡ್ರಾಫ್ಟ್ ನಂಬರ್ ಪ್ರಕಾರ ನಾಲ್ಕು ವರ್ಷಕ್ಕೆ ಮೊದಲೇ ಫಿಕ್ಸ್ ಆಗಿರತ್ತೆ. ಮೈಕಲ್ ಕಾರ್ಟರ್-ವಿಲಿಯಮ್ಸ್ 2014ರಲ್ಲಿ ಗೆದ್ದ, 2015ರ ಫೆಬ್ರವರಿ ಹೊತ್ತಿಗೆ ಟೀಮೇ ಅವನನ್ನ ಕಳಿಸ್ಬಿಡ್ತು. ಮುಗೀತು.

ಸಿಕ್ಸ್ತ್ ಮ್ಯಾನ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಬೇಕು, ಯಾಕಂದ್ರೆ ಇದ್ರಲ್ಲಿ ಬೇರೆ ಥರದ್ದೊಂದು ನ್ಯಾಯ ಇದೆ, ಅನ್ಯಾಯನೂ ಇದೆ. ಲೂ ವಿಲಿಯಮ್ಸ್ 2005ರಲ್ಲಿ ಹೈಸ್ಕೂಲಿಂದ ಸೀದಾ ಬಂದೋನು, 45ನೇ ಪಿಕ್. ಮೂರು ಸಲ ಸಿಕ್ಸ್ತ್ ಮ್ಯಾನ್. 2017-18ರಲ್ಲಿ ಪಂದ್ಯಕ್ಕೆ 22.6 ಪಾಯಿಂಟ್ ಹೊಡೀತಿದ್ದಾಗ ಕ್ಲಿಪರ್ಸ್ ಜೊತೆ ಸೈನ್ ಮಾಡಿದ್ದು ಮೂರು ವರ್ಷಕ್ಕೆ 24 ಮಿಲಿಯನ್. ವರ್ಷಕ್ಕೆ ಎಂಟು! ಅದೇ ಪಾಯಿಂಟನ್ನ ಮೊದಲ ನಿಮಿಷದಿಂದ ಆಡಿ ಹೊಡೆದಿದ್ರೆ ಕತೆ ಬೇರೆ ಇರ್ತಿತ್ತು. ಜಮಾಲ್ ಕ್ರಾಫರ್ಡ್ ಕೂಡ ಮೂರು ಸಲ, ಕೊನೇದು 36ನೇ ವಯಸ್ಸಲ್ಲಿ. ಇಬ್ರೂ ಒಂದು ಸಲನೂ ಆಲ್-ಸ್ಟಾರ್ ಆಗ್ಲಿಲ್ಲ. ಆದ್ರೆ ಇಬ್ರೂ ಹದಿನೇಳು ಇಪ್ಪತ್ತು ಸೀಸನ್ ಆಡಿದ್ರು, ಅದು ಸುಮ್ನೆ ಬರಲ್ಲ. ಈ ಅವಾರ್ಡ್ ಒಬ್ಬ ಪ್ಲೇಯರ್‌ಗೆ ಒಂದು ಜಾಗ ಕೊಡತ್ತೆ, ಇವನು ಬೆಂಚಿಂದ ಎದ್ದು ಬಂದು ಮ್ಯಾಚ್ ತಿರುಗಿಸ್ತಾನೆ ಅಂತ ಲೀಗಲ್ಲಿರೋ ಎಲ್ಲ ಟೀಮಿಗೂ ಗೊತ್ತಾಗತ್ತೆ, ಒಂದು ಟೀಮ್ ಬಿಟ್ರೆ ಇನ್ನೊಂದು ಟೀಮ್ ಫೋನ್ ಮಾಡತ್ತೆ. ಈಚೆಗೆ ಸ್ವಲ್ಪ ಬದಲಾಗಿದೆ ಅನ್ಸತ್ತೆ, ಡ್ರಾಫ್ಟೇ ಆಗ್ದಿದ್ದ ನಾಜ್ ರೀಡ್ 2024ರಲ್ಲಿ ಗೆದ್ದ, ಮುಂದಿನ ವರ್ಷ ಮಿನಸೋಟ ಅವನಿಗೆ ಐದು ವರ್ಷಕ್ಕೆ 125 ಮಿಲಿಯನ್ ಕೊಡ್ತು. ಆ ಸುದ್ದಿ ಓದಿದ ದಿನ ನಂಗೆ ಲೂ ವಿಲಿಯಮ್ಸೇ ನೆನಪಾದ.

ಮೋಸ್ಟ್ ಇಂಪ್ರೂವ್ಡ್ ಅಂತೂ ಲಾಟರಿ ಟಿಕೆಟ್ ಥರ. 2017ರಲ್ಲಿ ಯಾನಿಸ್‌ಗೆ ಬಂತು, ಎರಡು ವರ್ಷಕ್ಕೆ ಎಂವಿಪಿ ಆದ, ಎರಡೂ ಗೆದ್ದ ಮೊದಲನೇ ಪ್ಲೇಯರ್ ಅವನೇ. ಅದೇ ಅವಾರ್ಡ್ ಬಂದು ಆಮೇಲೆ ಹೆಸರೇ ಕೇಳಿಸ್ದೇ ಇರೋರ ಸಾಲೂ ಉದ್ದ ಇದೆ. ಆದ್ರೆ ಇದ್ರಿಂದ ಒಂದು ಕತೆ ಹೇಳ್ದೆ ಹೋದ್ರೆ ನಂಗೆ ಸಮಾಧಾನ ಆಗಲ್ಲ, ನಾನು ಇಂಡಿಯಾನಾ ಪೇಸರ್ಸ್ ಅಭಿಮಾನಿ ಅನ್ನೋದೂ ಕಾರಣ ಇರ್ಬೋದು.

2017ರಲ್ಲಿ ಪೇಸರ್ಸ್‌ನ ಪಾಲ್ ಜಾರ್ಜ್‌ಗೆ ಆಲ್-ಎನ್‌ಬಿಎ ಬರ್ಲಿಲ್ಲ. ಬಂದಿದ್ರೆ ಪೇಸರ್ಸ್ ಮಾತ್ರ ಕೊಡಬಹುದಾಗಿದ್ದ ಸೂಪರ್‌ಮ್ಯಾಕ್ಸ್ ಮುಂದಿಟ್ಟು ಇರಪ್ಪಾ ಅನ್ನೋಕಾಗ್ತಿತ್ತು. ಬರ್ಲಿಲ್ಲ, ಅವರ ಕೈಲಿದ್ದ ಒಂದೇ ಒಂದು ದಾಳ ಹೋಯ್ತು, ಅವನು ಮುಂದಿನ ವರ್ಷ ಹೊರಟೋಗ್ತೀನಿ ಅಂದ, ಆ ಬೇಸಿಗೇಲೇ ಒಕ್ಲಹೋಮಾಗೆ ಕೊಟ್ಟು ವಿಕ್ಟರ್ ಒಲಾಡಿಪೋ, ಡೊಮಾಂಟಾಸ್ ಸಬೋನಿಸ್ ಇಬ್ರನ್ನ ತಗೊಂಡ್ರು. ಎಲ್ರೂ ನಕ್ಕಿದ್ರು ಆ ಟ್ರೇಡ್ ನೋಡಿ. ಒಂದೇ ವರ್ಷಕ್ಕೆ ಒಲಾಡಿಪೋ ಮೋಸ್ಟ್ ಇಂಪ್ರೂವ್ಡ್ ಗೆದ್ದ, ಜೊತೆಗೆ ಆಲ್-ಎನ್‌ಬಿಎ ಥರ್ಡ್ ಟೀಮ್. 2019ರ ಜನವರಿಯಲ್ಲಿ ಅವನ ಬಲಗಾಲಿನ ತೊಡೆಯ ಸ್ನಾಯುರಜ್ಜು ಹರೀತು, ಅವತ್ತಿಂದ ಅವನು ಆ ಒಲಾಡಿಪೋ ಆಗಿ ವಾಪಸ್ ಬರ್ಲೇ ಇಲ್ಲ, ಪಾಪ. ಸಬೋನಿಸ್ ಆಲ್-ಸ್ಟಾರ್ ಆದ, 2022ರಲ್ಲಿ ಅವನನ್ನ ಸ್ಯಾಕ್ರಮೆಂಟೋಗೆ ಕೊಟ್ಟು ಪೇಸರ್ಸ್ ತಂದಿದ್ದು ಟೈರೀಸ್ ಹ್ಯಾಲಿಬರ್ಟನ್‌ನ.

ಈಗ ಹ್ಯಾಲಿಬರ್ಟನ್. 2023-24, 65 ಪಂದ್ಯದ ರೂಲ್ ಬಂದ ಮೊದಲ ಸೀಸನ್. ಅವನದ್ದೂ ಮೋಬ್ಲಿ ಥರದ್ದೇ ಕಾಂಟ್ರಾಕ್ಟು, ಆಲ್-ಎನ್‌ಬಿಎ ಬಂದ್ರೆ ಸುಮಾರು 245 ಮಿಲಿಯನ್, ಇಲ್ಲಾಂದ್ರೆ 204. ಜನವರಿ 8ಕ್ಕೆ ಬೋಸ್ಟನ್ ಮೇಲೆ ಆಡೋವಾಗ ಕಾಲು ಜಾರಿ ಎರಡೂ ಕಾಲು ಅಗಲ ಆಗಿ ಬಿದ್ದ, ಹ್ಯಾಮ್‌ಸ್ಟ್ರಿಂಗ್ ಎಳ್ಕೊಂತು, ಎತ್ಕೊಂಡು ಹೋದ್ರು. ಆವಾಗಿನ ತನಕ ಇಡೀ ಲೀಗಲ್ಲಿ ಅವನಂಗೆ ಪಾಸ್ ಕೊಡೋರು ಇರ್ಲಿಲ್ಲ. ಹ್ಯಾಮ್‌ಸ್ಟ್ರಿಂಗ್ ಒಂದು ಸಲ ಎಳ್ಕೊಂಡೋರಿಗೆ ಗೊತ್ತು, ನಡೆಯೋಕೆ ಆಗತ್ತೆ, ಓಡೋಕೂ ಆಗತ್ತೆ, ಆದ್ರೆ ಸಡನ್ನಾಗಿ ನಿಂತು ತಿರುಗಬೇಕು ಅಂದಾಗ ಕಾಲು ಮನಸ್ಸಿನ ಮಾತು ಕೇಳಲ್ಲ. ಅವನು ಲೆಕ್ಕ ಹಾಕ್ಕೊಂಡು ಬೇಗ ವಾಪಸ್ ಬಂದ, ಶುರುವಲ್ಲಿ ನಿಮಿಷ ಅಳೆದು ಅಳೆದು ಆಡ್ದ, ಈ ರೂಲ್ ಮೂರ್ಖತನದ್ದು ಅಂತ ಬಾಯಿ ಬಿಟ್ಟೇ ಹೇಳ್ದ, ಆದ್ರೂ ಆಡ್ದ. ಮಿಕ್ಕಿದ ಸೀಸನ್‌ನಲ್ಲಿ ಅವನ ಆಟ ಮುಂಚಿನಂಗಿರ್ಲಿಲ್ಲ, ಶೂಟ್ ಮಾಡ್ವಾಗ ಕಾಲಲ್ಲಿ ಆ ಪುಟಿಯೋದೇ ಕಾಣ್ತಿರ್ಲಿಲ್ಲ. 69 ಪಂದ್ಯ ಆಯ್ತು. ಥರ್ಡ್ ಟೀಮ್ ಬಂತು. 41 ಮಿಲಿಯನ್ ಬಂತು.

ಒಬ್ಬ 24ರ ಹುಡುಗ ನೋವಿರೋ ಕಾಲಿಟ್ಕೊಂಡು, ಡಾಕ್ಟರು, ಕೋಚು, ಕ್ಯಾಲೆಂಡರು ಮೂರನ್ನೂ ಎದುರಿಗೆ ಕೂರಿಸ್ಕೊಂಡು ಲೆಕ್ಕ ಹಾಕೋ ಹಂಗೆ ಮಾಡೋ ಅವಾರ್ಡು ಬೇರೆ ಯಾವ್ದಿದೆ ಹೇಳಿ. ನಂಗೆ ಈ ಪದ್ಧತಿ ಇಷ್ಟ ಇಲ್ಲ, ಪತ್ರಕರ್ತರ ವೋಟಿಗೂ ಒಬ್ಬನ ಸಂಬಳಕ್ಕೂ ಗಂಟು ಹಾಕ್ಬಾರ್ದು ಅಂತಾನೇ ನನ್ ನಂಬಿಕೆ, ವೋಟ್ ಹಾಕೋರಲ್ಲೇ ಎಷ್ಟೋ ಜನ ಈ ಹೊರೆ ನಮಗೆ ಬೇಡ ಅಂದಿದಾರೆ. ಆದ್ರೆ ಯಾವ್ದು ಮುಖ್ಯ ಅಂತ ಕೇಳಿದ್ರೆ, ಇರೋದನ್ನ ಹೇಳ್ಬೇಕಲ್ಲ.

2025ರ ಜೂನ್ 23, ನಮ್ ಕಡೆ ಸೋಮವಾರ ಬೆಳಗ್ಗೆ. ಫೈನಲ್ಸ್ ಏಳನೇ ಪಂದ್ಯ, ಇಂಡಿಯಾನಾ 2000ರ ನಂತರ ಮೊದಲ ಸಲ ಫೈನಲ್ಸ್‌ನಲ್ಲಿ. ನಾನು ಐದಕ್ಕೇ ಎದ್ದು ಕಾಫಿ ಮಾಡ್ಕೊಂಡು, ಮನೇಲಿ ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ ಟಿವಿ ಸೌಂಡ್ ಪೂರ್ತಿ ತೆಗೆದು ಕೂತಿದ್ದೆ. ಹ್ಯಾಲಿಬರ್ಟನ್‌ಗೆ ಐದನೇ ಪಂದ್ಯದಿಂದ ಮೀನಖಂಡದಲ್ಲಿ ನೋವು, ಮತ್ತೆ ಅದೇ ಥರ ನೋವಲ್ಲೇ ಆಡ್ತಿದ್ದ. ಏಳು ನಿಮಿಷದಲ್ಲಿ ಮೂರು ತ್ರೀ ಹಾಕ್ದ, ಒಂಬತ್ತು ಪಾಯಿಂಟು, ನಾನು ಸೋಫಾ ತುದೀಲಿ. ಆಮೇಲೆ ಬಾಲ್ ಹಿಡಿದು ಮುಂದೆ ನುಗ್ಗಕ್ಕೆ ಬಲಗಾಲು ಊರಿದ, ಬಿದ್ದ, ನೆಲಕ್ಕೆ ಕೈಯಲ್ಲಿ ಗುದ್ದಿ ಗುದ್ದಿ ಅಳ್ತಿದ್ದ. ಸೌಂಡ್ ಇಲ್ದೆ ನೋಡಿದ್ದಕ್ಕೋ ಏನೋ ಅದು ಇನ್ನೂ ಕಣ್ಣಲ್ಲೇ ಇದೆ. ಅಕಿಲಿಸ್ ಹರಿದಿತ್ತು. ಪಂದ್ಯನೂ ಹೋಯ್ತು, 103-91. ಮುಂದಿನ ಸೀಸನ್ ಇಡೀ ಅವನು ಆಡಲ್ಲ ಅಂತ ಟೀಮ್ ಜುಲೈನಲ್ಲೇ ಹೇಳ್ತು.

ಆಡ್ದೆ ಕೂತ ಆ ಸೀಸನ್‌ಗೆ ಅವನ ಸಂಬಳ 45 ಮಿಲಿಯನ್‌ಗಿಂತ ಜಾಸ್ತಿ, ಪೂರ್ತಿ ಗ್ಯಾರಂಟಿ. ಅದ್ರಲ್ಲಿ ಒಂದು ಪಾಲು 2024ರ ಫೆಬ್ರವರಿಯಲ್ಲಿ ಆ ಎಳ್ಕೊಂಡ ಕಾಲಲ್ಲಿ ಓಡಿ ಓಡಿ ತಗೊಂಡ ಥರ್ಡ್ ಟೀಮ್‌ದು. ಬರೋ ಶನಿವಾರ ಆ ಪಿಯು ಹುಡುಗನಿಗೆ ಮೊದಲು ಇದನ್ನೇ ಹೇಳ್ತೀನಿ.